ಬೆಂಗಳೂರಿನ ತಾರಸಿಯಿಂದ ಕ್ಯಾಲಿಫೋರ್ನಿಯಾ ನೀಹಾರಿಕೆ: ಒಂದೂವರೆ ಗಂಟೆ ಎಕ್ಸ್‌ಪೋಷರ್ ಕೊಟ್ಟರೂ ಏನೂ ಕಾಣುತ್ತಿಲ್ಲ, ತೊಂದರೆ ಎಲ್ಲಿ?

ವಿಜಯನಗರ_ತಾರಸಿ:

ಎಲ್ಲರಿಗೂ ನಮಸ್ಕಾರ. ಎನ್‌ಜಿಸಿ 1499, ಅಂದರೆ ಕ್ಯಾಲಿಫೋರ್ನಿಯಾ ನೀಹಾರಿಕೆಯನ್ನು ವಿಜಯನಗರದ ಮನೆ ತಾರಸಿಯಿಂದ ತೆಗೆಯಲು ನೋಡುತ್ತಿದ್ದೇನೆ. ಸೆಟಪ್ ಹೀಗಿದೆ:

ಟೆಲಿಸ್ಕೋಪ್: 61 ಎಂಎಂ ರಿಫ್ರಾಕ್ಟರ್, ಫೋಕಲ್ ಲೆಂಗ್ತ್ 360 ಎಂಎಂ, ಎಫ್/5.9, ಫ್ಲ್ಯಾಟನರ್ (ಅಂಚಿನವರೆಗೂ ನಕ್ಷತ್ರಗಳನ್ನು ದುಂಡಗಿಡುವ ಲೆನ್ಸ್) ಇದೆ
ಕ್ಯಾಮೆರಾ: ಕೆನಾನ್ 600ಡಿ, ಕಂಪನಿಯಿಂದ ಬಂದ ಹಾಗೇ ಇದೆ, ಮಾಡಿಫೈ ಮಾಡಿಸಿಲ್ಲ
ಮೌಂಟ್: ಸ್ಟಾರ್ ಅಡ್ವೆಂಚರರ್ ಜಿಟಿಐ
ಗೈಡಿಂಗ್: 120 ಎಂಎಂ ಫೋಕಲ್ ಲೆಂಗ್ತ್‌ನ ಗೈಡ್ ಸ್ಕೋಪ್, ಎಎಸ್‌ಐ120ಎಂಎಂ ಮಿನಿ ಕ್ಯಾಮೆರಾ, ಪಿಎಚ್‌ಡಿ2 (ನಕ್ಷತ್ರ ನೋಡಿಕೊಂಡು ಮೌಂಟನ್ನು ಸರಿಪಡಿಸುತ್ತಿರುವ ತಂತ್ರಾಂಶ)
ಫಿಲ್ಟರ್: ಹಳೆಯ ಸಿಎಲ್‌ಎಸ್ ಕ್ಲಿಪ್ ಫಿಲ್ಟರ್ (ನಗರದ ದೀಪಗಳ ಬೆಳಕು ತಡೆಯುವಂಥದ್ದು)

ಐಎಸ್‌ಒ 1600ರಲ್ಲಿ 60 ಸೆಕೆಂಡಿನ 90 ಫ್ರೇಮ್, ಜೊತೆಗೆ 20 ಡಾರ್ಕ್ (ಮುಚ್ಚಳ ಹಾಕಿ ತೆಗೆದ ಫ್ರೇಮ್). ಫ್ಲ್ಯಾಟ್ (ಸಮ ಬೆಳಕಿನ ಪರದೆಯ ಫ್ರೇಮ್) ತೆಗೆದಿಲ್ಲ. ಸಿರಿಲ್ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿ (ಫ್ರೇಮ್‌ಗಳನ್ನು ಒಂದಾಗಿಸಿ) ಸ್ಟ್ರೆಚ್ ಮಾಡಿದರೆ (ಮಂದ ಭಾಗಗಳನ್ನು ಬೆಳಗಿಸಿದರೆ) ಕಂದುಬಣ್ಣದ ಹಿನ್ನೆಲೆ, ಓರೆಯಾಗಿ ಹರಿದಂಥ ಗೆರೆಗೆರೆ ನಾಯ್ಸ್, ಅಷ್ಟೆ. ಇದೇ ಸೆಟಪ್ಪಿನಲ್ಲಿ ಒರಾಯನ್ ನೀಹಾರಿಕೆ ಚೆನ್ನಾಗಿಯೇ ಬರುತ್ತದೆ.

ಇನ್ನೆರಡು ವಿಷಯ. ಉತ್ತರಕ್ಕೆ ಪಕ್ಕದ ಅಪಾರ್ಟ್‌ಮೆಂಟ್ ಅಡ್ಡ ಇರುವುದರಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ. ಮೊಬೈಲಿನ ದಿಕ್ಸೂಚಿ ನೋಡಿ ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಮಾಡುತ್ತೇನೆ. ಪಿಎಚ್‌ಡಿ2ನಲ್ಲಿ ಒಟ್ಟು ಆರ್‌ಎಂಎಸ್ (ಸರಾಸರಿ ಗೈಡಿಂಗ್ ದೋಷ) 1.8 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), ಡೆಕ್ (ಉತ್ತರ-ದಕ್ಷಿಣ) ಗ್ರಾಫ್ ಯಾವಾಗಲೂ ಒಂದೇ ಕಡೆ ಎಳೆಯುತ್ತಿರುತ್ತದೆ. ಫ್ರೇಮಿನ ಮಧ್ಯದಲ್ಲಿ ನಕ್ಷತ್ರಗಳು ದುಂಡಗಿವೆ, ನಾಲ್ಕೂ ಮೂಲೆಗಳಲ್ಲಿ ಉದ್ದವಾಗಿವೆ.

ಎಕ್ಸ್‌ಪೋಷರ್ ಹೆಚ್ಚಿಸಬೇಕೇ, ಫಿಲ್ಟರ್ ಬದಲಿಸಬೇಕೇ, ಕ್ಯಾಮೆರಾನೇ ಬದಲಿಸಬೇಕೇ? ಯಾವುದು ಮೊದಲು?

ಸಬ್‌ಫ್ರೇಮ್:

ಗೈಡಿಂಗ್ ಬಗ್ಗೆ ಬೇರೆಯವರು ಹೇಳಲಿ, ನಾನು ಬೆಳಕಿನ ಲೆಕ್ಕ ಹೇಳುತ್ತೇನೆ. ನಿಮ್ಮ ಸೆನ್ಸರಿಗೆ ನೀಹಾರಿಕೆಯ ಬೆಳಕು ತಲುಪುತ್ತಲೇ ಇಲ್ಲ. ಅದು ಸರಿಹೋಗದೆ ಪ್ರೊಸೆಸಿಂಗಿನಲ್ಲಿ ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ.

ಎನ್‌ಜಿಸಿ 1499 ಎರಡೂವರೆ ಡಿಗ್ರಿ ಉದ್ದ ಇದೆ. ಪಟ್ಟಿಗಳಲ್ಲಿ ಅದರ ಕಾಂತಿಮಾನ (ಸಂಖ್ಯೆ ಕಡಿಮೆಯಾದಷ್ಟೂ ಹೆಚ್ಚು ಪ್ರಖರ) ಸುಮಾರು 6 ಅಂತ ಇರುವುದನ್ನು ನೋಡಿ ಸುಲಭ ಅಂದುಕೊಳ್ಳಬಾರದು, ಅಷ್ಟೂ ಬೆಳಕು ಐದು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು ಉದ್ದಕ್ಕೆ ಹರಡಿಕೊಂಡಿದೆ. ಅದರ ಬೆಳಕಿನ ಬಹುಪಾಲು ಹೈಡ್ರೋಜನ್ ಆಲ್ಫಾ ಗೆರೆಯದು, 656.3 ನ್ಯಾನೋಮೀಟರ್. ಪಕ್ಕದಲ್ಲಿರುವ ಕ್ಸೈ ಪರ್ಸಿ ಎಂಬ ಬಿಸಿ ನಕ್ಷತ್ರದ ನೇರಳಾತೀತ ಕಿರಣಗಳು ಅಲ್ಲಿನ ಹೈಡ್ರೋಜನ್ನನ್ನು ಅಯಾನೀಕರಿಸಿ ಹೀಗೆ ಕೆಂಪಗೆ ಬೆಳಗಿಸುತ್ತವೆ. ಆದರೆ ಮಾಮೂಲಿ ಡಿಎಸ್‌ಎಲ್‌ಆರ್‌ಗಳಲ್ಲಿ ಸೆನ್ಸರಿನ ಮುಂದೆ ಇರುವ ಗಾಜು ಕೆಂಪಿನ ತುದಿಯನ್ನು ಕತ್ತರಿಸುತ್ತದೆ. 656ರ ಹತ್ತಿರ ಸುಮಾರು ಕಾಲು ಭಾಗ ಬೆಳಕು ಮಾತ್ರ ಒಳಗೆ ಹೋಗುತ್ತದೆ. ಒರಾಯನ್ ನೀಹಾರಿಕೆಯ ನಡುಭಾಗ ಬಹಳ ಪ್ರಖರ. ಅಲ್ಲದೆ ಅದರಲ್ಲಿ 500.7ರ ಆಕ್ಸಿಜನ್ ಬೆಳಕೂ ಧಾರಾಳ, ಅದನ್ನು ಈ ಗಾಜು ತಡೆಯುವುದಿಲ್ಲ. ಹಾಗಾಗಿ ಒರಾಯನ್ ಬಂತು, ಇದು ಬರಲಿಲ್ಲ.

ಇನ್ನು ಆಕಾಶ. ಬೆಂಗಳೂರಿನ ಒಳಗೆ ಒಂದು ಚದರ ಆರ್ಕ್‌ಸೆಕೆಂಡಿಗೆ 18 ಕಾಂತಿಮಾನ, ಒಳ್ಳೆಯ ಕತ್ತಲ ಜಾಗದಲ್ಲಿ 21.5 ಅಂತಿಟ್ಟುಕೊಳ್ಳಿ. ವ್ಯತ್ಯಾಸ 3.5 ಕಾಂತಿಮಾನ, ಅಂದರೆ ನಿಮ್ಮ ಹಿನ್ನೆಲೆ 25 ಪಟ್ಟು ಹೆಚ್ಚು ಬೆಳಗಿದೆ. ಫಿಲ್ಟರ್ ಇಲ್ಲದೆ ಅಲ್ಲಿನ ಒಂದು ಗಂಟೆಯ ಚಿತ್ರಕ್ಕೆ ಸಮನಾಗಬೇಕಾದರೆ ಇಲ್ಲಿ 25 ಗಂಟೆ ಬೇಕು. ಸಿಎಲ್‌ಎಸ್ ಫಿಲ್ಟರುಗಳನ್ನು ಮಾಡಿದ್ದು ಸೋಡಿಯಂ, ಮರ್ಕ್ಯುರಿ ದೀಪಗಳ ಕಾಲಕ್ಕೆ. ಆ ದೀಪಗಳ ಬೆಳಕು ಕೆಲವೇ ಗೆರೆಗಳಲ್ಲಿ ಇರುತ್ತಿತ್ತು, ಅಷ್ಟನ್ನು ತಡೆದರೆ ಸಾಕಿತ್ತು. ಎಲ್‌ಇಡಿ ದೀಪದ ಬೆಳಕು ನೀಲಿಯಿಂದ ಕೆಂಪಿನವರೆಗೆ ಎಡೆಬಿಡದೆ ಹಬ್ಬಿರುವುದರಿಂದ ಈಗ ಸಿಎಲ್‌ಎಸ್‌ನಿಂದ ಸಿಗುವ ಲಾಭ ತುಂಬ ಕಡಿಮೆ.

ಬೇಕಾದದ್ದು ಡ್ಯುಯಲ್ ಬ್ಯಾಂಡ್ ಫಿಲ್ಟರ್. ಆಪ್ಟೊಲಾಂಗ್ ಎಲ್-ಎಕ್ಸ್‌ಟ್ರೀಮ್ ಅಥವಾ ಅದೇ ಬಗೆಯ, ಆಲ್ಫಾ ಮತ್ತು ಆಕ್ಸಿಜನ್ ಗೆರೆಗಳ ಸುತ್ತ ತಲಾ 7 ನ್ಯಾನೋಮೀಟರ್ ಬಿಡುವ ಯಾವುದಾದರೂ ಆಗುತ್ತದೆ. ಸೆನ್ಸರಿನ ಕೆಂಪು ಪಿಕ್ಸೆಲ್‌ಗಳು ಸುಮಾರು 100 ನ್ಯಾನೋಮೀಟರ್ ಅಗಲದ ಬೆಳಕನ್ನು ಹೀರುತ್ತವೆ. ಅದನ್ನು 7ಕ್ಕೆ ಇಳಿಸಿದರೆ ಆಕಾಶದ ಬೆಳಕು ಸುಮಾರು 14ರಲ್ಲಿ ಒಂದು ಪಾಲಾಗುತ್ತದೆ, ನೀಹಾರಿಕೆಯ ಬೆಳಕು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 3 ನ್ಯಾನೋಮೀಟರಿನವು ಇನ್ನೂ ಚೆನ್ನ, ಬೆಲೆಯೂ ಹಾಗೇ. ಎಫ್/4ಕ್ಕಿಂತ ವೇಗದ ಆಪ್ಟಿಕ್ಸ್‌ನಲ್ಲಿ ಬೆಳಕು ಓರೆಯಾಗಿ ಬಿದ್ದು ಫಿಲ್ಟರಿನ ಕಿಂಡಿ ನೀಲಿಯತ್ತ ಸರಿಯುತ್ತದೆ, ನಿಮ್ಮ ಎಫ್/5.9ರಲ್ಲಿ ಆ ಚಿಂತೆ ಇಲ್ಲ.

ಒಂದು ಎಚ್ಚರಿಕೆ: ಇದು ತಾವೇ ಬೆಳಕು ಹೊರಸೂಸುವ ನೀಹಾರಿಕೆಗಳಿಗೆ ಮಾತ್ರ. ಕೃತ್ತಿಕೆಯ ಸುತ್ತಲಿನ ನೀಲಿ ಮಂಜು, ರೈಗೆಲ್ ಪಕ್ಕದ ವಿಚ್ ಹೆಡ್ ಇವೆಲ್ಲ ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಧೂಳು. ಈ ಫಿಲ್ಟರ್ ಅವನ್ನು ಪೂರ್ತಿ ನುಂಗಿಹಾಕುತ್ತದೆ. ಅವಕ್ಕೆ ಊರು ಬಿಟ್ಟು ಹೋಗಲೇಬೇಕು.

ಎಕ್ಸ್‌ಪೋಷರ್ ಎಷ್ಟು? ಒಂದು ಫ್ರೇಮಿನಲ್ಲಿ ಆಕಾಶದ ನಾಯ್ಸ್ ಕ್ಯಾಮೆರಾದ ರೀಡ್ ನಾಯ್ಸನ್ನು (ಸೆನ್ಸರನ್ನು ಓದುವಾಗ ಸೇರುವ ನಾಯ್ಸ್) ಮುಳುಗಿಸುವಷ್ಟು ಇದ್ದರೆ ಸಾಕು. ರೀಡ್ ನಾಯ್ಸಿನ ವರ್ಗವನ್ನು 10ರಿಂದ ಗುಣಿಸಿ, ಒಂದು ಪಿಕ್ಸೆಲ್‌ಗೆ ಸೆಕೆಂಡಿಗೆ ಬೀಳುವ ಆಕಾಶದ ಎಲೆಕ್ಟ್ರಾನ್‌ಗಳಿಂದ ಭಾಗಿಸಿ. ಅಷ್ಟು ಸೆಕೆಂಡ್ ಕೊಟ್ಟರೆ ರೀಡ್ ನಾಯ್ಸಿನಿಂದ ಆಗುವ ನಷ್ಟ ಶೇ. 5ರಷ್ಟೇ. ಐಎಸ್‌ಒ 800ರಲ್ಲಿ ರೀಡ್ ನಾಯ್ಸ್ 3 ಎಲೆಕ್ಟ್ರಾನ್, ಫಿಲ್ಟರ್ ಹಾಕಿದ ಮೇಲೆ ಕೆಂಪು ಪಿಕ್ಸೆಲ್‌ಗೆ ಆಕಾಶ ಸೆಕೆಂಡಿಗೆ ಅರ್ಧ ಎಲೆಕ್ಟ್ರಾನ್ ಅಂತಾದರೆ 10 × 9 ÷ 0.5 = 180 ಸೆಕೆಂಡ್. ಲೆಕ್ಕ ಬೇಡ ಅನ್ನಿಸಿದರೆ ಕ್ಯಾಮೆರಾ ಪರದೆಯಲ್ಲಿ ಕೆಂಪು ಹಿಸ್ಟೋಗ್ರಾಮ್ ನೋಡಿ. ಅದರ ಗುಡ್ಡ ಎಡಗೋಡೆಯಿಂದ ಪೂರ್ತಿ ಬಿಡಿಸಿಕೊಂಡು ನಿಂತಿರಬೇಕು. ಐಎಸ್‌ಒ 1600 ಬೇಡ, 800ಕ್ಕೆ ಇಳಿಸಿ. ನಕ್ಷತ್ರಗಳ ಬಣ್ಣ ಉಳಿಯುತ್ತದೆ, ಕಳೆದುಕೊಳ್ಳುವುದು ಬಹಳ ಸ್ವಲ್ಪ.

ಒಟ್ಟು ಸಮಯಕ್ಕೆ ವರ್ಗಮೂಲದ ನಿಯಮ: ಒಂದು ಗಂಟೆಯದು ನಾಲ್ಕು ಗಂಟೆಯಾದರೆ ಗುಣಮಟ್ಟ ಎರಡರಷ್ಟು. ಒಂದೂವರೆ ಗಂಟೆಯನ್ನು ಎರಡು ಗಂಟೆ ಮಾಡಿದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಆರು ಗಂಟೆಗೆ ಗುರಿ ಇಡಿ, ಹಲವು ರಾತ್ರಿಗಳದ್ದನ್ನು ಸೇರಿಸಬಹುದು.

ಕೃತ್ತಿಕಾ_35:

ಸಬ್‌ಫ್ರೇಮ್ ಅವರ ಲೆಕ್ಕ ಸರಿ, ಕ್ರಮದಲ್ಲಿ ನನ್ನ ಅಭಿಪ್ರಾಯ ಬೇರೆ. ಮಾಡಿಫೈ ಮಾಡದ ಕ್ಯಾಮೆರಾಗೆ ಡ್ಯುಯಲ್ ಬ್ಯಾಂಡ್ ಹಾಕಿದರೆ ನೀಹಾರಿಕೆಯ ಬೆಳಕು ಕಾಲು ಭಾಗ, ಆಕಾಶದ್ದೂ ಅದೇ ಗೆರೆಯಲ್ಲಿ ಕಾಲು ಭಾಗ. ಆಗ ಅವರದೇ ಸೂತ್ರದ ಪ್ರಕಾರ 180 ಸೆಕೆಂಡಿನ ಬದಲು 720 ಸೆಕೆಂಡ್ ಬೇಕು! ಹನ್ನೆರಡು ನಿಮಿಷದ ಫ್ರೇಮನ್ನು ಜಿಟಿಐ ಮೇಲೆ ಇಟ್ಟು ಕೂರುವುದು ವಾಸ್ತವದ ಮಾತಲ್ಲ. ಒಂದು ವಿಮಾನ, ಒಂದು ಗಾಳಿ ಸಾಕು, ಆ ಫ್ರೇಮ್ ಹೋಯಿತು. ಅದಕ್ಕಿಂತ ದೊಡ್ಡ ತಾಪತ್ರಯ ಉಷ್ಣದ ನಾಯ್ಸ್. 600ಡಿ ಸೆನ್ಸರಿಗೆ ಕೂಲಿಂಗ್ ಇಲ್ಲ. ಬೆಂಗಳೂರಿನ ಚಳಿಗಾಲದ ರಾತ್ರಿಯಲ್ಲೂ ಸತತ ಎಕ್ಸ್‌ಪೋಷರ್‌ನಲ್ಲಿ ಸೆನ್ಸರ್ ಹೊರಗಿನ ಗಾಳಿಗಿಂತ ಹಲವು ಡಿಗ್ರಿ ಬಿಸಿ ಇರುತ್ತದೆ, ಸುಮಾರು 6 ಡಿಗ್ರಿ ಏರಿದಂತೆಲ್ಲ ಡಾರ್ಕ್ ಕರೆಂಟ್ (ಬಿಸಿಯಿಂದ ಹುಟ್ಟುವ ಸುಳ್ಳು ಸಂಕೇತ) ಇಮ್ಮಡಿಯಾಗುತ್ತದೆ. ಆಕಾಶವನ್ನು ಅಷ್ಟು ಕತ್ತಲು ಮಾಡಿಬಿಟ್ಟರೆ ಕೊನೆಗೆ ಚಿತ್ರದ ಗುಣಮಟ್ಟ ನಿರ್ಧರಿಸುವುದು ಆ ಬಿಸಿಯೇ.

ಹಾಗಾಗಿ ಮೊದಲು ಮಾಡಿಫಿಕೇಷನ್, ಆಮೇಲೆ ಫಿಲ್ಟರ್. ಕೆಂಪು ಕತ್ತರಿಸುವ ಆ ಗಾಜನ್ನು ತೆಗೆಸಿದರೆ ಆಲ್ಫಾ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಆಮೇಲೆ ಫಿಲ್ಟರ್ ಹಾಕಿದರೆ 180ರಿಂದ 300 ಸೆಕೆಂಡಿನ ಫ್ರೇಮ್ ಸಾಕು.

ಮಾಡಿಸುವಾಗ ಕೇಳಿಕೊಳ್ಳಬೇಕಾದದ್ದು: 600ಡಿಯಲ್ಲಿ ಎರಡು ಗಾಜುಗಳಿವೆ. ಕೆಂಪು ಕತ್ತರಿಸುವುದನ್ನು ಮಾತ್ರ ತೆಗೆದು, ಧೂಳು ಕೊಡಹುವ ಮುಂದಿನದನ್ನು ಉಳಿಸಿದರೆ ಇನ್ಫ್ರಾರೆಡ್ ತಡೆ ಉಳಿಯುತ್ತದೆ. ಎರಡನ್ನೂ ತೆಗೆದರೆ ಫಿಲ್ಟರ್ ಇಲ್ಲದೆ ತೆಗೆಯುವಾಗ ನಕ್ಷತ್ರಗಳು ಊದಿಕೊಳ್ಳುತ್ತವೆ, ಆಗ ಯುವಿ-ಐಆರ್ ಕಟ್ ಫಿಲ್ಟರ್ ಬೇರೆ ಬೇಕು. ಹಗಲಿನ ಫೋಟೋಗಳು ಕೆಂಪಾಗುತ್ತವೆ, ಕಸ್ಟಮ್ ವೈಟ್ ಬ್ಯಾಲೆನ್ಸ್ ಇಟ್ಟುಕೊಂಡರೆ ನಡೆಯುತ್ತದೆ. ವಿಡಿಯೋ ನೋಡಿಕೊಂಡು ಮನೆಯಲ್ಲೇ ಬಿಚ್ಚಬೇಡಿ. ಫ್ಲ್ಯಾಶ್‌ನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಜೋರಾದ ಶಾಕ್ ಕೊಡುತ್ತದೆ, ಜೊತೆಗೆ ಸೆನ್ಸರನ್ನು ಮೊದಲಿನಷ್ಟೇ ಎತ್ತರಕ್ಕೆ ಕೂರಿಸದಿದ್ದರೆ ಫ್ರೇಮಿನ ಒಂದು ಪಕ್ಕ ಫೋಕಸ್ ಆಗುವುದಿಲ್ಲ.

ಕ್ಯಾಮೆರಾ ಬದಲಿಸುವ ಯೋಚನೆ ಇದ್ದರೆ ಒಂದು ಮಾತು. ಎಎಸ್‌ಐ533 ಒಳ್ಳೆಯ ಕೂಲ್ಡ್ ಕ್ಯಾಮೆರಾ, ಆದರೆ ಅದರ ಸೆನ್ಸರ್ 11.3 ಎಂಎಂ ಚೌಕ. ನಿಮ್ಮ 360 ಎಂಎಂನಲ್ಲಿ 1.8 ಡಿಗ್ರಿ ಮಾತ್ರ ಸಿಗುತ್ತದೆ, ಈ ನೀಹಾರಿಕೆ ಹಿಡಿಸುವುದಿಲ್ಲ. 600ಡಿ ಕೊಡುವುದು 3.5 × 2.4 ಡಿಗ್ರಿ, ನೀಹಾರಿಕೆ ಉದ್ದಕ್ಕೆ ಸರಿಯಾಗಿ ಕೂರುತ್ತದೆ.

ದಕ್ಷಿಣ_ಗೋಳ:

ಇವರಿಬ್ಬರ ಸಲಹೆಯಂತೆ 300 ಸೆಕೆಂಡಿಗೆ ಹೋಗುವ ಮೊದಲು ಪೋಲಾರ್ ಅಲೈನ್‌ಮೆಂಟ್ ಸರಿಪಡಿಸಿಕೊಳ್ಳಿ. ಈಗ ಕಾಣದ ದೋಷ ಆಗ ಎದ್ದು ಕಾಣುತ್ತದೆ.

ತಾರಸಿಯ ಕಾಂಕ್ರೀಟಿನೊಳಗೆ ಕಬ್ಬಿಣ ಇರುತ್ತದೆ, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಇರುತ್ತದೆ, ನಿಮ್ಮ ಟ್ರೈಪಾಡೇ ಸ್ಟೀಲು. ಮೊಬೈಲ್ ದಿಕ್ಸೂಚಿ 2 ಡಿಗ್ರಿ ತಪ್ಪಿದರೂ ಆಶ್ಚರ್ಯವಿಲ್ಲ. ಅಕ್ಷ 2 ಡಿಗ್ರಿ ತಪ್ಪಿದ್ದರೆ ಡೆಕ್‌ನಲ್ಲಿ ನಿಮಿಷಕ್ಕೆ 31 ಆರ್ಕ್‌ಸೆಕೆಂಡ್‌ವರೆಗೂ ಸರಿಯುತ್ತದೆ. ಗೈಡಿಂಗ್ ಅದನ್ನು ಸತತವಾಗಿ ತಳ್ಳಿ ಸರಿಮಾಡುತ್ತಿದೆ, ನಿಮ್ಮ ಗ್ರಾಫ್ ಒಂದೇ ಕಡೆ ಎಳೆಯುವುದು ಅದಕ್ಕೇ. ಆದರೆ ಫೀಲ್ಡ್ ತಿರುಗುವುದನ್ನು ಗೈಡಿಂಗ್ ತಡೆಯಲಾರದು. ನೀಹಾರಿಕೆಯ ಡೆಕ್ +36ರಲ್ಲಿ, 2 ಡಿಗ್ರಿ ದೋಷಕ್ಕೆ, 600ಡಿ ಫ್ರೇಮಿನ ಮೂಲೆಯ ನಕ್ಷತ್ರ 60 ಸೆಕೆಂಡಿನಲ್ಲಿ ಅರ್ಧ ಪಿಕ್ಸೆಲ್ಲಿನಷ್ಟು ಕಮಾನು ಎಳೆಯುತ್ತದೆ, 300 ಸೆಕೆಂಡಿನಲ್ಲಿ ಮೂರು ಪಿಕ್ಸೆಲ್. ದೋಷ 5 ಆರ್ಕ್‌ಮಿನಿಟಿಗೆ ಇಳಿದರೆ ಎರಡೂ ಲೆಕ್ಕಕ್ಕೆ ಬರುವುದಿಲ್ಲ.

ಧ್ರುವ ನಕ್ಷತ್ರ ಕಾಣದಿದ್ದರೂ ನಡೆಯುತ್ತದೆ. ನೀನಾ ತಂತ್ರಾಂಶದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಆಕಾಶದ ಯಾವ ಭಾಗದಿಂದಲಾದರೂ ಕೆಲಸ ಮಾಡುತ್ತದೆ. ಮೌಂಟ್ ಲೆವೆಲ್ ಮಾಡಿ, ಎತ್ತರದ ಅಂಕಪಟ್ಟಿಯಲ್ಲಿ 13 ಡಿಗ್ರಿ ಇಡಿ. ಟೆಲಿಸ್ಕೋಪನ್ನು 40-50 ಡಿಗ್ರಿ ಎತ್ತರದ ತೆರೆದ ಆಕಾಶಕ್ಕೆ ತಿರುಗಿಸಿ. ಪ್ಲಗಿನ್ ಆರ್‌ಎ (ಪೂರ್ವ-ಪಶ್ಚಿಮಕ್ಕೆ ತಿರುಗುವ) ಅಕ್ಷವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಮೂರು ಫೋಟೋ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಅಂತ ಹೇಳುತ್ತದೆ. ಆಮೇಲೆ ಫೋಟೋ ತೆಗೆಯುತ್ತಲೇ ಇರುತ್ತದೆ, ನೀವು ಬೋಲ್ಟ್ ತಿರುಗಿಸಿದಂತೆ ಸಂಖ್ಯೆ ಇಳಿಯುವುದು ಕಾಣುತ್ತದೆ. ಮೊದಲು ಎತ್ತರ, ಆಮೇಲೆ ಅಡ್ಡ. ಕೊನೆಯಲ್ಲಿ ಬೋಲ್ಟ್ ಬಿಗಿ ಮಾಡುವಾಗ ಎರಡು-ಮೂರು ಆರ್ಕ್‌ಮಿನಿಟ್ ಜಾರುವುದು ಮಾಮೂಲು, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ನಮ್ಮ ಅಕ್ಷಾಂಶಕ್ಕೇ ಸಂಬಂಧಿಸಿದ್ದು ಇನ್ನೊಂದಿದೆ, ಯುರೋಪ್-ಅಮೆರಿಕದ ಟ್ಯುಟೋರಿಯಲ್‌ಗಳಲ್ಲಿ ಸಿಗುವುದಿಲ್ಲ. 13 ಡಿಗ್ರಿ ಎತ್ತರದಲ್ಲಿ ವಾತಾವರಣದ ವಕ್ರೀಭವನ ನಕ್ಷತ್ರವನ್ನು ಸುಮಾರು 4 ಆರ್ಕ್‌ಮಿನಿಟ್ ಮೇಲೆ ಎತ್ತಿ ತೋರಿಸುತ್ತದೆ. ಧ್ರುವ ನಕ್ಷತ್ರವನ್ನು ಪೋಲಾರ್ ಸ್ಕೋಪಿನಲ್ಲಿ ಎಷ್ಟು ನಿಖರವಾಗಿ ಇಟ್ಟರೂ ಅಕ್ಷ ನಿಜವಾದ ಧ್ರುವಕ್ಕಿಂತ ಅಷ್ಟು ಮೇಲೆಯೇ ಕೂರುತ್ತದೆ. ಪ್ಲಗಿನ್‌ನಲ್ಲಿ ವಕ್ರೀಭವನ ಸರಿಪಡಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ. ಧ್ರುವ ನಕ್ಷತ್ರ ಕಾಣುವವರಿಗೂ ಇದೇ ಮಾತು ಹೇಳುತ್ತೇನೆ.

ಇನ್ನೊಂದು: ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಕೌಂಟರ್‌ವೇಟ್ ಕಂಬಿ ಹೆಚ್ಚುಕಡಿಮೆ ನೇರ ಕೆಳಕ್ಕೆ ಇಳಿಬೀಳುತ್ತದೆ, ಉತ್ತರದ ಕಾಲಿಗೆ ತಾಗುತ್ತದೆ. ಟ್ರೈಪಾಡ್ ತಿರುಗಿಸಿ ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ಇಡಿ, ಅಥವಾ ಮೌಂಟ್ ಕೆಳಗೆ ಪಿಯರ್ ಎಕ್ಸ್‌ಟೆನ್ಷನ್ ಹಾಕಿ. ತೂಕವನ್ನು ಕಂಬಿಯ ಮೇಲ್ಭಾಗದಲ್ಲೇ ಇಟ್ಟು ಬ್ಯಾಲೆನ್ಸ್ ಮಾಡಲಾದರೆ ಇನ್ನೂ ಒಳ್ಳೆಯದು. ನೀಹಾರಿಕೆ ಪೂರ್ವ ಅಥವಾ ಪಶ್ಚಿಮದಲ್ಲಿ ಕೆಳಗಿರುವಾಗ ಗೈಡಿಂಗ್ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ನೋಡಬೇಕಾದದ್ದು ಇದನ್ನೇ.

ಪಿಎಚ್‌ಡಿ2ಗೆ: ಕ್ಯಾಲಿಬ್ರೇಷನ್ ನೀಹಾರಿಕೆಯ ಬಳಿ ಬೇಡ, ಖಗೋಳ ಮಧ್ಯರೇಖೆಯ ಹತ್ತಿರ, ದಕ್ಷಿಣದ ಮೆರಿಡಿಯನ್ (ಆಕಾಶದ ಉತ್ತರ-ದಕ್ಷಿಣ ನಡುಗೆರೆ) ಪಕ್ಕದಲ್ಲಿ ಮಾಡಿ. ಗೈಡ್ ಎಕ್ಸ್‌ಪೋಷರ್ 2 ಸೆಕೆಂಡ್. ಆರ್‌ಎಯಲ್ಲಿ ಪೂರ್ವದ ಕಡೆ ಒಂಚೂರು ಭಾರ ಇರಲಿ, ಗೇರಿನ ಹಲ್ಲುಗಳು ಒಂದೇ ಪಕ್ಕಕ್ಕೆ ಒತ್ತಿಕೊಂಡಿರುತ್ತವೆ. ನಿಮ್ಮ ಪಿಕ್ಸೆಲ್ 2.46 ಆರ್ಕ್‌ಸೆಕೆಂಡ್, ಹಾಗಾಗಿ ಆರ್‌ಎಂಎಸ್ 1.2ರ ಆಸುಪಾಸು ಬಂದರೆ ಸಾಕು, ಅದಕ್ಕಿಂತ ಕೆಳಗಿಳಿಸಲು ರಾತ್ರಿ ಹಾಳುಮಾಡಿಕೊಳ್ಳಬೇಡಿ.

ಈಗಿನ ಮೂಲೆ ನಕ್ಷತ್ರಗಳ ತೊಂದರೆ ಮಾತ್ರ ಬೇರೆ. ನಾಲ್ಕೂ ಮೂಲೆ ಒಂದೇ ರೀತಿ ಇದ್ದರೆ ಅದು ಫ್ಲ್ಯಾಟನರ್ ಅಂತರ. ಹೆಚ್ಚಿನ ಫ್ಲ್ಯಾಟನರ್‌ಗಳಿಗೆ ಸೆನ್ಸರ್‌ವರೆಗೆ 55 ಎಂಎಂ ಬೇಕು. ಕೆನಾನ್ ಬಾಡಿಯ 44, ಟಿ-ರಿಂಗಿನ 11 ಸೇರಿ 55 ಆಗುತ್ತದೆ. ನಿಮ್ಮದರ ಕೈಪಿಡಿಯಲ್ಲಿ ಎಷ್ಟಿದೆ ನೋಡಿ, ಕೆಲವಕ್ಕೆ ಬೇರೆ ಇರುತ್ತದೆ. ನಡುವೆ ಫಿಲ್ಟರ್ ಬಂದರೆ ಅದರ ಗಾಜಿನ ದಪ್ಪದ ಮೂರನೇ ಒಂದು ಭಾಗ ಸೇರಿಸಬೇಕು: 2 ಎಂಎಂ ಗಾಜಿಗೆ 0.7 ಎಂಎಂ ವಾಷರ್. ಮೂಲೆಯ ನಕ್ಷತ್ರಗಳು ಕೇಂದ್ರದಿಂದ ಹೊರಕ್ಕೆ ಕಿರಣಗಳಂತೆ ಎಳೆದಿದ್ದರೆ ಸಾಮಾನ್ಯವಾಗಿ ಅಂತರ ಕಡಿಮೆ, ಕೇಂದ್ರದ ಸುತ್ತ ಉಂಗುರದಂತೆ ಬಾಗಿದ್ದರೆ ಹೆಚ್ಚು. ಒಂದೇ ಪಕ್ಕ ಕೆಟ್ಟಿದ್ದರೆ ಕ್ಯಾಮೆರಾ ಓರೆ ಕೂತಿದೆ.

ವಿಜಯನಗರ_ತಾರಸಿ:

ಎಲ್ಲರಿಗೂ ತುಂಬ ಧನ್ಯವಾದ. ಮೂಲೆಗಳಲ್ಲಿ ಕಿರಣದ ಹಾಗೆ ಹೊರಕ್ಕೆ ಎಳೆದಿವೆ, ನಾಲ್ಕೂ ಕಡೆ. ಹಾಗಾದರೆ ವಾಷರ್ ಹಾಕಿ ನೋಡುತ್ತೇನೆ. ಮಾಡಿಫಿಕೇಷನ್‌ಗೆ ಕೊಡುವುದು ಅಂತ ತೀರ್ಮಾನಿಸಿದ್ದೇನೆ. ಇನ್ನು ಆ ಓರೆ ಗೆರೆಗಳ ನಾಯ್ಸ್ ಯಾಕೆ ಬರುತ್ತದೆ? ಮತ್ತು ಸಿರಿಲ್‌ನಲ್ಲಿ ಹಿನ್ನೆಲೆ ತೆಗೆಯುವಾಗ ನೀಹಾರಿಕೆಯೂ ಹೋಗಿಬಿಟ್ಟರೆ ಗೊತ್ತಾಗುವುದು ಹೇಗೆ?

ಸಬ್‌ಫ್ರೇಮ್:

ಕೃತ್ತಿಕಾ ಅವರ ಮಾತು ಒಪ್ಪಿದೆ, ನಿಮ್ಮ ಸೆಟಪ್ಪಿಗೆ ಮಾಡಿಫಿಕೇಷನ್ ಮೊದಲು ಅನ್ನುವುದೇ ಸರಿ.

ಗೆರೆಗಳಿಗೆ ವಾಕಿಂಗ್ ನಾಯ್ಸ್ ಅನ್ನುತ್ತಾರೆ. ಸೆನ್ಸರಿನ ಬಿಸಿ ಪಿಕ್ಸೆಲ್‌ಗಳು ಮತ್ತು ಸ್ಥಿರ ಏರುಪೇರು ಎಲ್ಲ ಫ್ರೇಮಿನಲ್ಲೂ ಒಂದೇ ಜಾಗದಲ್ಲಿರುತ್ತವೆ. ಗೈಡಿಂಗ್ ಇದ್ದರೂ ಫ್ರೇಮ್‌ನಿಂದ ಫ್ರೇಮಿಗೆ ಚಿತ್ರ ಒಂದೇ ದಿಕ್ಕಿಗೆ ನಿಧಾನವಾಗಿ ಜರುಗುತ್ತದೆ. ಸ್ಟ್ಯಾಕ್ ಮಾಡುವಾಗ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ ಆ ಸ್ಥಿರ ಕಲೆಗಳು ಗೆರೆಯಾಗಿ ಎಳೆದುಕೊಳ್ಳುತ್ತವೆ. ಇದಕ್ಕೆ ಮದ್ದು ಡಿದರಿಂಗ್: ಎರಡು ಮೂರು ಫ್ರೇಮಿಗೊಮ್ಮೆ ಮೌಂಟನ್ನು ಯದ್ವಾತದ್ವಾ ದಿಕ್ಕಿಗೆ ಸ್ವಲ್ಪ ಸರಿಸುವುದು. ಎಷ್ಟು ಸರಿಸಬೇಕು ಅನ್ನುವಲ್ಲಿ ಎಡವುವವರು ಬಹಳ. ನಿಮ್ಮ ಗೈಡ್ ಕ್ಯಾಮೆರಾದ ಒಂದು ಪಿಕ್ಸೆಲ್ 6.4 ಆರ್ಕ್‌ಸೆಕೆಂಡ್, ಮುಖ್ಯ ಕ್ಯಾಮೆರಾದ್ದು 2.46. ಗೈಡ್ ಲೆಕ್ಕದಲ್ಲಿ 5 ಪಿಕ್ಸೆಲ್ ಕೊಟ್ಟರೆ ಮುಖ್ಯ ಕ್ಯಾಮೆರಾದಲ್ಲಿ 13 ಪಿಕ್ಸೆಲ್ ಸರಿಯುತ್ತದೆ. ಡಿಎಸ್‌ಎಲ್‌ಆರ್‌ಗೆ 10ರಿಂದ 15 ಬೇಕು, ಒಂದೆರಡು ಪಿಕ್ಸೆಲ್ ಸರಿಸಿದರೆ ಏನೂ ಆಗುವುದಿಲ್ಲ.

ನಿಮ್ಮ 20 ಡಾರ್ಕ್‌ಗಳು ಕೂಡ ಕಾರಣ ಇರಬಹುದು. ಕೂಲಿಂಗ್ ಇಲ್ಲದ ಕ್ಯಾಮೆರಾದಲ್ಲಿ ಬೇರೆ ಉಷ್ಣಾಂಶದಲ್ಲಿ ತೆಗೆದ ಡಾರ್ಕ್ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಫೈಲ್ ಮಾಹಿತಿಯಲ್ಲಿ ಸೆನ್ಸರ್ ಉಷ್ಣಾಂಶ ಇರುತ್ತದೆ, 2-3 ಡಿಗ್ರಿಗಿಂತ ವ್ಯತ್ಯಾಸ ಇದ್ದರೆ ಬಳಸಬೇಡಿ. ಡಿದರ್ ಚೆನ್ನಾಗಿದ್ದು ಫ್ರೇಮ್‌ಗಳು ಹೆಚ್ಚಿದ್ದರೆ ಬಯಾಸ್ (ಅತಿ ಚಿಕ್ಕ ಎಕ್ಸ್‌ಪೋಷರಿನ ಕತ್ತಲ ಫ್ರೇಮ್) ಮತ್ತು ಫ್ಲ್ಯಾಟ್ ಸಾಕು. ಕಾಸ್ಮೆಟಿಕ್ ಕರೆಕ್ಷನ್ (ಬಿಸಿ ಪಿಕ್ಸೆಲ್ ಅಳಿಸುವುದು) ಮತ್ತು ಸಿಗ್ಮಾ ಕ್ಲಿಪ್ಪಿಂಗ್ (ಸ್ಟ್ಯಾಕ್‌ನಲ್ಲಿ ಹೊಂದದ ಪಿಕ್ಸೆಲ್ ಬಿಡುವುದು) ಉಳಿದ ಕೆಲಸ ನೋಡಿಕೊಳ್ಳುತ್ತವೆ. ಡಾರ್ಕ್ ತೆಗೆಯುವುದಾದರೆ ವ್ಯೂಫೈಂಡರ್ ಮುಚ್ಚಿ, ಅದರಿಂದ ಬೆಳಕು ಒಳಗೆ ಸೋರುತ್ತದೆ. ಲೈಟ್ ಫ್ರೇಮ್ ತೆಗೆಯುವಾಗಲೂ ಮುಚ್ಚಿಯೇ ಇರಲಿ.

ಕೃತ್ತಿಕಾ_35:

ಹಿನ್ನೆಲೆ ತೆಗೆಯುವ ಬಗ್ಗೆ. ನೀಹಾರಿಕೆ ಫ್ರೇಮಿನ ಬಹುಭಾಗ ತುಂಬಿರುವಾಗ ಇದೇ ಅತ್ಯಂತ ಅಪಾಯದ ಹಂತ. ತಂತ್ರಾಂಶಕ್ಕೆ ಮಂದ ನೀಹಾರಿಕೆಗೂ ನಗರದ ಬೆಳಕಿನ ಏರಿಳಿತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಫ್ಲ್ಯಾಟ್ ಇಲ್ಲದೆ ಇದನ್ನು ಮಾಡಲೇಬೇಡಿ. ಅಂಚು ಕತ್ತಲಾಗುವುದು ದೃಗ್ಯಂತ್ರದ ದೋಷ, ಅದು ಬೆಳಕನ್ನು ಗುಣಿಸುತ್ತದೆ, ಹಾಗಾಗಿ ಭಾಗಿಸಿ ತೆಗೆಯಬೇಕು. ನಗರದ ಬೆಳಕು ಮೇಲಿಂದ ಕೂಡಿಕೊಂಡದ್ದು, ಅದನ್ನು ಕಳೆಯಬೇಕು. ಎರಡನ್ನೂ ಕಳೆದೇ ತೆಗೆಯಲು ಹೋದರೆ ಹಿನ್ನೆಲೆ ಎಂದೂ ಸಮವಾಗುವುದಿಲ್ಲ. ಫ್ಲ್ಯಾಟ್‌ಗೆ ಬಿಳಿ ಬನಿಯನ್ ಬಟ್ಟೆ ಬಿಗಿದು ಮೇಲೆ ಟ್ಯಾಬ್ಲೆಟ್ ಪರದೆ ಇಡಿ, ಹಿಸ್ಟೋಗ್ರಾಮ್ ಅರ್ಧದ ಹತ್ತಿರ ಬರಲಿ, 25-30 ಫ್ರೇಮ್. ಎಲ್‌ಇಡಿ ಮಿಣುಕುವುದರಿಂದ ತೀರಾ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ಪಟ್ಟೆ ಬರುತ್ತದೆ. ಬೆಳಕು ತಗ್ಗಿಸಿ ಒಂದು ಸೆಕೆಂಡಿನ ಸುತ್ತ ಇಟ್ಟುಕೊಳ್ಳಿ. ಫೋಕಸ್, ಕ್ಯಾಮೆರಾದ ಕೋನ, ಫಿಲ್ಟರ್ ಯಾವುದನ್ನೂ ಮುಟ್ಟದೆ ಅದೇ ರಾತ್ರಿ ತೆಗೆಯಿರಿ.

ಸಿರಿಲ್‌ನಲ್ಲಿ ಸ್ಟ್ಯಾಕ್ ಆದ ಮೇಲೆ ಅಂಚುಗಳನ್ನು ಕತ್ತರಿಸಿ. ಹಿನ್ನೆಲೆ ತೆಗೆಯುವಲ್ಲಿ ಪಾಲಿನೋಮಿಯಲ್, ಡಿಗ್ರಿ 1 ಇಟ್ಟು ನೋಡಿ, ಸಾಲದಿದ್ದರೆ 2. 4ಕ್ಕೆ ಹೋದರೆ ನೀಹಾರಿಕೆಯ ಆಕಾರವನ್ನೇ ಹಿನ್ನೆಲೆ ಎಂದು ಕಲಿತು ಅಳಿಸಿಹಾಕುತ್ತದೆ. ತಾನಾಗಿ ಬಂದ ಬಿಂದುಗಳಲ್ಲಿ ನೀಹಾರಿಕೆಯ ಮೇಲೆ ಬಿದ್ದವನ್ನೆಲ್ಲ ಕೈಯಿಂದ ತೆಗೆದುಹಾಕಿ. ಎಲ್ಲೆಲ್ಲಿ ನೀಹಾರಿಕೆ ಇದೆ ಅಂತ ನಿಮ್ಮ ಚಿತ್ರದಲ್ಲಿ ಕಾಣದಿದ್ದರೆ ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ತಂತ್ರಾಂಶದಲ್ಲಿ ಅದೇ ಚೌಕಟ್ಟು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಕಳೆದುಹೋಯಿತೇ ಅಂತ ನೋಡುವ ದಾರಿ: ಮೊದಲ ಸ್ಟ್ಯಾಕ್‌ನ ಒಂದು ಪ್ರತಿ ಇಟ್ಟುಕೊಂಡು, ಅದರಿಂದ ಹಿನ್ನೆಲೆ ತೆಗೆದದ್ದನ್ನು ಪಿಕ್ಸೆಲ್ ಮ್ಯಾಥ್‌ನಲ್ಲಿ ಕಳೆಯಿರಿ. ಉಳಿಯುವುದು ತಂತ್ರಾಂಶ ತೆಗೆದುಹಾಕಿದ ಭಾಗ. ಅದನ್ನು ಜೋರಾಗಿ ಸ್ಟ್ರೆಚ್ ಮಾಡಿ ನೋಡಿ: ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಇಳಿಯುವ ಬೆಳಕಷ್ಟೇ ಇದ್ದರೆ ಸರಿ. ಅದರಲ್ಲಿ ನೀಹಾರಿಕೆಯ ಉದ್ದನೆಯ ಬಾಗು ಕಂಡರೆ ಬಿಂದುಗಳನ್ನು ಮತ್ತೆ ಇಡಿ. ಹಿನ್ನೆಲೆ ತೆಗೆಯುವ ಗ್ರಾಕ್ಸ್‌ಪರ್ಟ್ ತಂತ್ರಾಂಶ ಬಳಸಿದರೂ ಇದೇ ಪರೀಕ್ಷೆ ಮಾಡಿ.

ಆಮೇಲೆ ಸ್ಟಾರ್‌ನೆಟ್‌ನಿಂದ ನಕ್ಷತ್ರಗಳನ್ನು ಬೇರೆ ಮಾಡಿ, ನೀಹಾರಿಕೆಯನ್ನು ಒಂದೇ ಸಲಕ್ಕೆ ಎಳೆಯದೆ ಹಂತಹಂತವಾಗಿ ಸ್ಟ್ರೆಚ್ ಮಾಡಿ. ಎನ್‌ಜಿಸಿ 1499ರಲ್ಲಿ ಆಕ್ಸಿಜನ್ ಬೆಳಕು ಬಹಳ ಕಡಿಮೆ, ಹಾಗಾಗಿ ಆಲ್ಫಾ-ಆಕ್ಸಿಜನ್ ಬೇರ್ಪಡಿಸಿ ಬಣ್ಣ ಹಂಚುವ ಸ್ಕ್ರಿಪ್ಟ್ ಇಲ್ಲಿ ಬೇಡ; ಹಸಿರು-ನೀಲಿಯಲ್ಲಿ ನಾಯ್ಸ್ ಮಾತ್ರ ಬರುತ್ತದೆ. ಮಾಮೂಲಿ ಬಣ್ಣದ ಸ್ಕ್ರಿಪ್ಟಿನಲ್ಲೇ ಮಾಡಿ. ಅದು ಕೆಂಪು ನೀಹಾರಿಕೆ, ಕೆಂಪಾಗಿಯೇ ಬರಲಿ.

ದಕ್ಷಿಣ_ಗೋಳ:

ಸಮಯದ ಬಗ್ಗೆ ಯಾರೂ ಹೇಳಿಲ್ಲ. ನವೆಂಬರ್ 20ರ ಸುಮಾರಿಗೆ ಈ ನೀಹಾರಿಕೆ ಮಧ್ಯರಾತ್ರಿ ಮೆರಿಡಿಯನ್ ದಾಟುತ್ತದೆ, ಬೆಂಗಳೂರಿನಲ್ಲಿ ಉತ್ತರಕ್ಕೆ ಸುಮಾರು 67 ಡಿಗ್ರಿ ಎತ್ತರದಲ್ಲಿ. ರಾತ್ರಿ 8ರಿಂದ ಬೆಳಗಿನ ಜಾವ 4ರವರೆಗೆ 30 ಡಿಗ್ರಿಗಿಂತ ಮೇಲೆ ಇರುತ್ತದೆ. ಆದರೆ 30 ಡಿಗ್ರಿಯಲ್ಲಿರುವಾಗ ಅದು ಈಶಾನ್ಯಕ್ಕಿರುತ್ತದೆ, ನಿಮ್ಮ ಅಪಾರ್ಟ್‌ಮೆಂಟ್ ಅಡ್ಡ ಬರುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಜನವರಿ 20ರ ಹೊತ್ತಿಗೆ ರಾತ್ರಿ 8ಕ್ಕೇ ಮೆರಿಡಿಯನ್ ಮೇಲಿರುತ್ತದೆ, ಮಧ್ಯರಾತ್ರಿಯವರೆಗೆ ಮಾತ್ರ ಸಿಗುತ್ತದೆ; ಮೆರಿಡಿಯನ್ ದಾಟಿದ ಮೇಲೆ ಶುರುಮಾಡಿದರೆ ಫ್ಲಿಪ್ (ಟೆಲಿಸ್ಕೋಪನ್ನು ಮೌಂಟಿನ ಇನ್ನೊಂದು ಬದಿಗೆ ತಿರುಗಿಸುವ) ಗೊಡವೆ ಇಲ್ಲ. 7 ನ್ಯಾನೋಮೀಟರ್ ಫಿಲ್ಟರ್ ಇದ್ದರೆ ಅರ್ಧಚಂದ್ರ ಇದ್ದರೂ ಆಲ್ಫಾ ತೆಗೆಯಬಹುದು, ನೀಹಾರಿಕೆಯಿಂದ ದೂರ ಇದ್ದರೆ ಸರಿ.

ಫೋಕಸ್‌ಗೆ ಬ್ರಹ್ಮಹೃದಯ (ಕ್ಯಾಪೆಲ್ಲಾ) ನಕ್ಷತ್ರವನ್ನು ಬಳಸಿ. ಅದು ಅಲ್ಲೇ ಪಕ್ಕದಲ್ಲಿದೆ, ಫಿಲ್ಟರ್ ಹಾಕಿದ ಮೇಲೂ ಬಾಟಿನೋವ್ ಮಾಸ್ಕಿನ (ಫೋಕಸ್ ನೋಡಲು ಟೆಲಿಸ್ಕೋಪಿನ ಮುಂದಿಡುವ ಜಾಲರಿ) ಗೆರೆಗಳು ಸ್ಪಷ್ಟವಾಗಿ ಕಾಣುವಷ್ಟು ಪ್ರಖರ. ಫಿಲ್ಟರ್ ಹಾಕಿಯೇ ಫೋಕಸ್ ಮಾಡಬೇಕು, ತೆಗೆದು ಮಾಡಿ ಆಮೇಲೆ ಹಾಕಿದರೆ ಫೋಕಸ್ ಬೇರೆಯಾಗಿರುತ್ತದೆ. ಉಷ್ಣಾಂಶ 2-3 ಡಿಗ್ರಿ ಇಳಿದಾಗಲೆಲ್ಲ ಮತ್ತೆ ನೋಡಿ. ಮುಂದಿನ ಲೆನ್ಸ್ ಸುತ್ತ ಡ್ಯೂ ಹೀಟರ್ ಪಟ್ಟಿ ಸಂಜೆಯಿಂದಲೇ ಕಟ್ಟಿಡಿ, ಇಬ್ಬನಿ ಕೂತ ಮೇಲೆ ಒಣಗಿಸುವುದು ಬಹಳ ಹೊತ್ತಿನ ಕೆಲಸ.

ಮಾಡಿಫೈ ಆಗಿ ಬಂದ ಮೇಲೆ ಇಡೀ ರಾತ್ರಿ ಕಾಯುವ ಮುನ್ನ ಒಂದು ಪರೀಕ್ಷೆ: ಕ್ಸೈ ಪರ್ಸಿಯನ್ನು ಫ್ರೇಮಿನ ಒಂದು ಬದಿಗೆ ಇಟ್ಟು, ನೀಹಾರಿಕೆಯ ಉದ್ದಕ್ಕೆ ಫ್ರೇಮಿನ ಉದ್ದ ಹೊಂದಿಸಿ, 180 ಸೆಕೆಂಡಿನ ಹತ್ತು ಫ್ರೇಮ್ ತೆಗೆದು ಅಲ್ಲೇ ಸ್ಟ್ಯಾಕ್ ಮಾಡಿ. ಕೆಂಪು ಚಾನೆಲ್ ಮಾತ್ರ ತೆಗೆದುಕೊಂಡು ಚಿತ್ರವನ್ನು ಕಾಲು ಗಾತ್ರಕ್ಕೆ ಕುಗ್ಗಿಸಿ ಸ್ಟ್ರೆಚ್ ಮಾಡಿ. ನೀಹಾರಿಕೆಯ ಉತ್ತರ ಮತ್ತು ದಕ್ಷಿಣದ ಅಂಚುಗಳೇ ಅದರ ಪ್ರಖರ ಭಾಗ, ಆ ಎರಡು ಎಳೆಗಳು ಮಸುಕಾಗಿಯಾದರೂ ಕಾಣಬೇಕು. ಕಂಡರೆ ಮುಂದುವರಿಸಿ, ಕಾಣದಿದ್ದರೆ ಒಂದು ಫ್ರೇಮಿನ ರಾ ಫೈಲನ್ನು ಇಲ್ಲಿ ಹಾಕಿ, ನೋಡೋಣ.